ತಾಯಿಹಂದಿಯ ಆಯುಷ್ಯವೂ ತಳಿಶಾಸ್ತ್ರದ ಅವಸರವೂ



ತಳಿಯನ್ನು ತಿದ್ದುವ ವಿದ್ಯೆಯು ಸ್ವಭಾವತಃ ಅವಸರದ್ದು. ಬೇಗ ಅಳೆಯಬಹುದಾದ ಗುಣವು ಬೇಗ ಸುಧಾರಿಸುತ್ತದೆ. ಜೀವಮಾನ ಕಳೆದ ಮೇಲೆ ಮಾತ್ರ ಗೊತ್ತಾಗುವ ಗುಣವು ಹಿಂದೆ ಬೀಳುತ್ತದೆ. ತಾಯಿಹಂದಿಯೊಂದು ಎಷ್ಟು ಸೂಲು ಬಾಳೀತು, ಬಾಳಿದಷ್ಟು ಕಾಲ ಎಷ್ಟು ಮರಿಗಳನ್ನು ಹಾಲೂಡಿ ಸಾಕೀತು ಎಂಬುದು ಈ ಎರಡನೆಯ ವರ್ಗಕ್ಕೆ ಸೇರಿದುದು. ಅದರ ಉತ್ತರ ಕೈಗೆ ಸಿಗುವ ವೇಳೆಗೆ ಆ ಹಂದಿಯ ಮೊಮ್ಮಕ್ಕಳೇ ಈಯಲು ಸಿದ್ಧವಾಗಿರುತ್ತವೆ.

ಡೆನ್ಮಾರ್ಕಿನ ಚರಿತ್ರೆಯನ್ನು ನೋಡಿರಿ. 1887ರಲ್ಲಿ ಜರ್ಮನಿಯು ಡೇನಿಷ್ ಹಂದಿಗಳಿಗೆ ತನ್ನ ಗಡಿಯನ್ನು ಮುಚ್ಚಿದಾಗ, ಆ ಸಣ್ಣ ದೇಶದ ಒಕ್ಕಲಿಗರು ಎದೆಗುಂದದೆ, ಅದೇ ವರ್ಷ ಹಾರ್ಸೆನ್ಸ್ ಪಟ್ಟಣದಲ್ಲಿ ಸಹಕಾರಿ ಬೇಕನ್ ಕಾರ್ಖಾನೆಯನ್ನು ಸ್ಥಾಪಿಸಿ, ಇಂಗ್ಲೆಂಡಿನ ಪೇಟೆ ಬಯಸುತ್ತಿದ್ದ ಉದ್ದಬೆನ್ನಿನ, ಕೊಬ್ಬು ಕಡಮೆಯಾದ ಹಂದಿಯನ್ನು ರೂಪಿಸತೊಡಗಿ, 1907ರಲ್ಲಿ ಸಂತತಿಯ ಪರೀಕ್ಷೆಯಿಂದ ತಂದೆತಾಯಿಗಳ ಯೋಗ್ಯತೆಯನ್ನು ನಿರ್ಣಯಿಸುವ ಕೇಂದ್ರವನ್ನೂ ತೆರೆದರು. ಹೀಗೆ ರೂಪುಗೊಂಡ ಲ್ಯಾಂಡ್ರೇಸ್ ತಳಿಯ ಕೀರ್ತಿ ಹಬ್ಬಿತು. 1992ರಿಂದ ಮರಿಗಳ ಸಂಖ್ಯೆಯೂ ಆಯ್ಕೆಯ ಗುರಿಯಾಯಿತು. ಸಂಖ್ಯೆಯೇನೋ ಏರಿತು, ಸಾಯುವ ಮರಿಗಳೂ ಹೆಚ್ಚಿದುವು. ಆದುದರಿಂದ 2004ರಲ್ಲಿ, ಹುಟ್ಟಿದ ಮರಿಗಳಿಗೆ ಬದಲಾಗಿ ಐದನೆಯ ದಿನ ಬದುಕಿರುವ ಮರಿಗಳನ್ನು ಎಣಿಸುವ ಕ್ರಮ ಬಂದಿತು. ಕೆಲವೇ ದಿನಗಳ ಈ ತಾಳ್ಮೆಯನ್ನು ನಾನು ಯಾವ ಹೊಸ ಯಂತ್ರಕ್ಕಿಂತಲೂ ಹೆಚ್ಚಿನದೆಂದು ಗಣಿಸುತ್ತೇನೆ. ಮರಿಯ ವಿಷಯದಲ್ಲಿ ತೋರಿದ ಈ ವಿವೇಕವನ್ನು ತಾಯಿಗೂ ವಿಸ್ತರಿಸುವುದು ಹೇಗೆಂಬುದೇ ಈ ಗೋಷ್ಠಿಯ ಆಶಯ.

ಚೊಚ್ಚಲ ಸೂಲಿಗೆ ಹಂದಿಯ ವಯಸ್ಸು ಸುಮಾರು ಒಂದು ವರ್ಷ. ಗರ್ಭ 114 ದಿನ. ಹಾಲೂಡಿಕೆ ಮೂರು ನಾಲ್ಕು ವಾರ. ಹಾಲು ಬಿಡಿಸಿದ ವಾರದೊಳಗೆ ಮತ್ತೆ ಬೆದೆ. ಅದನ್ನು ಬೆಳೆಸಿದ ಖರ್ಚು ಸಾಮಾನ್ಯವಾಗಿ ತೀರುವುದು ಮೂರನೆಯ ಸೂಲಿನ ಹೊತ್ತಿಗೆ; ಮರಿಗಳು ಅತ್ಯಧಿಕವಾಗುವುದೂ ಮೂರರಿಂದ ಐದನೆಯ ಸೂಲಿನೊಳಗೆ. ಹೀಗಿದ್ದೂ ದೊಡ್ಡ ಹಿಂಡುಗಳಲ್ಲಿ ವರ್ಷಕ್ಕೆ ನೂರಕ್ಕೆ ನಲವತ್ತು ಐವತ್ತು ತಾಯಿಹಂದಿಗಳು ಬದಲಾಗುತ್ತವೆ. ಎಳೆಯವು ಹೊರಹೋಗುವುದು ಬೆದೆಗೆ ಬಾರದೆ, ಗರ್ಭ ನಿಲ್ಲದೆ, ಇಲ್ಲವೆ ಕಾಲು ಕುಂಟಾಗಿ. ಬೆನ್ನಿನಲ್ಲಿ ಕೊಬ್ಬು ತೀರ ಕಡಮೆಯಾದ ಚೊಚ್ಚಲು ಹಂದಿಯು ಮೊದಲ ಹಾಲೂಡಿಕೆಯಲ್ಲಿ ತನ್ನ ಮೈಯನ್ನೇ ಕರಗಿಸಿಕೊಂಡು, ಬೆದೆಗೆ ತಡವಾಗಿ ಬಂದು, ಎರಡನೆಯ ಸೂಲನ್ನು ಕಾಣದೆಯೇ ಕಸಾಯಿಖಾನೆಯ ದಾರಿ ಹಿಡಿಯುವುದುಂಟು.

ಬೆನ್ನಿನ ಕೊಬ್ಬಿನ ಅನುವಂಶೀಯತೆ 0.4ರ ಸುತ್ತಮುತ್ತ ಅಥವಾ ಅದಕ್ಕೂ ಮೇಲೆ. ಮರಿಗಳ ಸಂಖ್ಯೆಯದು 0.1ರ ಆಸುಪಾಸು, ಆಯುಷ್ಯದ್ದು, ಅಳೆಯುವ ಕ್ರಮಕ್ಕೆ ತಕ್ಕಂತೆ, ಬಹುಮಟ್ಟಿಗೆ 0.05ರಿಂದ 0.2ರವರೆಗೆ. ಇಷ್ಟು ಅಲ್ಪವಾದುದನ್ನು ನಂಬಿ ಆಯ್ಕೆ ನಡೆಸುವುದು ವ್ಯರ್ಥವೆನ್ನುವವರಿಗೆ, ಮರಿಗಳ ಸಂಖ್ಯೆಯು ಅಷ್ಟೇ ಅಲ್ಪವಾದ ಬಂಡವಾಳದಿಂದಲೇ ಈ ಎತ್ತರಕ್ಕೆ ಬೆಳೆಯಿತೆಂಬುದನ್ನು ನೆನಪಿಸಿದರೆ ಸಾಕು.

ನಿಜವಾದ ಕಷ್ಟವಿರುವುದು ದಾಖಲೆಯಲ್ಲಿ. ಹಿಂಡಿನ ಪುಸ್ತಕದಲ್ಲಿ ಆಯುಷ್ಯವೆಂದು ಬರೆದಿರುವುದು ಅರ್ಧ ಹಂದಿಯ ಪ್ರಕೃತಿ, ಇನ್ನರ್ಧ ಒಡೆಯನ ತೀರ್ಮಾನ: ಮಾಂಸದ ಬೆಲೆ ಏರಿದಾಗ ಗಟ್ಟಿಮುಟ್ಟಾದುದೂ ಹೊರಡುತ್ತದೆ, ಎಳೆಯವು ಸಾಲದಾದಾಗ ಕುಂಟುವುದೂ ಉಳಿಯುತ್ತದೆ. ಇದಲ್ಲದೆ, ನಾವು ಲೆಕ್ಕ ಹಾಕುವ ದಿನ ಇನ್ನೂ ಬದುಕಿರುವ ಹಂದಿಗಳ ಆಯುಷ್ಯ ನಮಗೆ ತಿಳಿಯದು. ಅವನ್ನು ಬಿಟ್ಟು ಎಣಿಸಿದರೆ ದೀರ್ಘಾಯುಗಳನ್ನೇ ಬಿಟ್ಟಂತಾಗುತ್ತದೆ. ಈ ತೊಡಕನ್ನು ಬಿಡಿಸಲು ಬಳಸುವ ವಿಧಾನಗಳಲ್ಲೊಂದು ಸ್ವೀಡನ್ನಿನ ವೈಬುಲ್ ಎಂಬ ಇಂಜಿನಿಯರನ ಹೆಸರಿನದು. ಆತ 1951ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಉಕ್ಕಿನ ಬಲದೊಡನೆ ಭಾರತದ ಹತ್ತಿಯ ಎಳೆಯ ಬಲವೂ ಉದಾಹರಣೆಯಾಗಿದೆ. ಹಂದಿಯ ಸುಳಿವೇ ಇಲ್ಲ. ವಿದ್ಯೆಗಳು ಎಲ್ಲಿಂದ ಎಲ್ಲಿಗೆ ನಂಟು ಬೆಳೆಸುತ್ತವೆಂಬುದು ವಿನೋದದ ಸಂಗತಿ.

ತಡವಾಗಿ ತಿಳಿಯುವ ಗುಣಕ್ಕೆ ಮೊದಲೇ ಕಾಣುವ ಲಕ್ಷಣಗಳಿಲ್ಲವೆ? ಇವೆ, ಮುಖ್ಯವಾಗಿ ಕಾಲುಗಳಲ್ಲಿ. ಆರೇಳು ತಿಂಗಳ ಹೆಣ್ಣನ್ನು ಗಟ್ಟಿ ನೆಲದ ಮೇಲೆ ನಡೆಸಿ, ಮುಂಗಾಲಿನ ಮಂಡಿ ಮುಂದಕ್ಕೆ ಬಾಗಿದೆಯೆ, ಹಿಂಗಾಲು ಕಂಬದಂತೆ ನೆಟ್ಟಗಾಗಿ ಹೆಜ್ಜೆ ಮೊಟಕಾಗಿದೆಯೆ, ಗೊರಸಿನ ಒಳಗಿನ ಉಗುರು ಕಿರಿದಾಗಿ ಭಾರವೆಲ್ಲ ಹೊರಗಿನದರ ಮೇಲೆ ಬಿದ್ದಿದೆಯೆ, ನಡೆಯುವಾಗ ನಡು ತೊನೆಯುತ್ತದೆಯೆ ಎಂದು ಬಲ್ಲವರು ನೋಡುತ್ತಾರೆ. ನಮ್ಮ ನಾಡಿನಲ್ಲಿ ಸಾಕುವ ಬಿಳಿಯ ಯಾರ್ಕ್‌ಶೈರ್ ಹಂದಿಗೂ ಈ ಪರೀಕ್ಷೆ ಸಲ್ಲುತ್ತದೆ. ಕಣ್ಣೂ ಬಿಡುವೂ ಇದ್ದರೆ ಸಾಕು. ನಾರ್ವೆಯಲ್ಲಿ 2008ರಿಂದ ಸಿ.ಟಿ. ಯಂತ್ರದ ಮೂಲಕ ಜೀವಂತ ಗಂಡುಹಂದಿಗಳ ಒಳದೇಹವನ್ನೇ ಪರೀಕ್ಷಿಸಿ, ಕೀಲುಗಳ ಮೃದ್ವಸ್ಥಿದೋಷವನ್ನೂ ಆಯ್ಕೆಗೆ ಮುನ್ನ ಕಂಡುಕೊಳ್ಳುತ್ತಿದ್ದಾರೆ.

ಚರ್ಚೆಗೆ ಎಲ್ಲಕ್ಕಿಂತ ಯೋಗ್ಯವೆಂದು ನನಗೆ ತೋರುವ ಒಂದು ವಿರೋಧ ಉಳಿದಿದೆ. ತಳಿಯನ್ನು ತಿದ್ದುವ ಮೂಲ ಹಿಂಡಿನಲ್ಲಿ ತಲೆಮಾರುಗಳು ಬೇಗ ಉರುಳಿದಷ್ಟೂ ಪ್ರಗತಿ ಬೇಗ. ಆದಕಾರಣ ಅಲ್ಲಿ ಯಾವ ತಾಯಿಯನ್ನೂ ಮುಪ್ಪಿನವರೆಗೆ ಇಟ್ಟುಕೊಳ್ಳುವುದಿಲ್ಲ. ದೀರ್ಘಾಯುಷ್ಯ ಬೇಕಾಗಿರುವುದು ರೈತನ ಕೊಟ್ಟಿಗೆಯ ಮಿಶ್ರತಳಿಗೆ. ಆದ್ದರಿಂದ ಶುದ್ಧತಳಿಯ ತಂದೆಯ ಯೋಗ್ಯತೆಯನ್ನು ಆತನ ಮಿಶ್ರತಳಿಯ ಹೆಣ್ಣುಮಕ್ಕಳ ಬಾಳಿನಿಂದ ಅರಿಯಬೇಕಾಗುತ್ತದೆ. ಅದಕ್ಕೆ ಆ ಕೊಟ್ಟಿಗೆಯ ದಾಖಲೆಗಳು ಮೂಲ ಹಿಂಡಿಗೆ ಹಿಂದಿರುಗಬೇಕು, ವಂಶಾವಳಿಯಾಗಲಿ ಜೀನೋಮಿನ ಪರೀಕ್ಷೆಯಾಗಲಿ ಎರಡನ್ನೂ ಜೋಡಿಸಬೇಕು. ಈ ಕೆಲಸದ ವೆಚ್ಚವನ್ನು ತಳಿ ಮಾರುವವನು ಹೊರಬೇಕೋ, ಅದರ ಫಲವನ್ನುಣ್ಣುವ ರೈತನು ಹೊರಬೇಕೋ ಎಂಬುದನ್ನು ಕುರಿತು ಇಲ್ಲಿ ನೆರೆದವರಲ್ಲಿ ಒಮ್ಮತವಿರಲಾರದು. ಆ ವಾದವು ಮೊದಲನೆಯ ಅಧಿವೇಶನದಲ್ಲಿಯೇ ಆರಂಭವಾಗಲೆಂದು ಕೋರಿ, ಗೋಷ್ಠಿಯನ್ನು ತಮ್ಮ ವಶಕ್ಕೆ ಒಪ್ಪಿಸುತ್ತೇನೆ.