ಠಾಣೆಯ ಬಾಗಿಲಲ್ಲಿ ನೊಂದ ಗೃಹಿಣಿ



ಮನೆಯು ಹೆಣ್ಣಿಗೆ ಆಶ್ರಯಸ್ಥಾನವೆಂದು ಎಲ್ಲರೂ ನಂಬಿರುವರು. ಆ ಮನೆಯಲ್ಲಿಯೇ ಪತಿಯ ಕೈಯಿಂದ ಪೆಟ್ಟು ತಿಂದವಳು ಎಲ್ಲಿಗೆ ಹೋಗತಕ್ಕದ್ದು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವರುಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 44 ಮಂದಿ ಪತಿಯ ಹಿಂಸೆಯನ್ನು ಅನುಭವಿಸಿದವರು. ದೇಶದಲ್ಲಿ ಹಿಂಸೆಗೊಳಗಾದ ಸ್ತ್ರೀಯರ ಪೈಕಿ ಸಹಾಯ ಬೇಡಿದವರು ನೂರಕ್ಕೆ 14 ಮಂದಿ ಮಾತ್ರ. ಅವರಲ್ಲಿಯೂ ಬಹುಮಂದಿ ತಮ್ಮ ಬಂಧುಗಳ ಮೊರೆಹೊಕ್ಕವರು. ಪೋಲೀಸ್ ಠಾಣೆಯ ಮೆಟ್ಟಿಲನ್ನೇರಿದವರು ಅತ್ಯಲ್ಪ.

ಆದುದರಿಂದ ಠಾಣೆಗೆ ಬಂದವಳು ಬಹುಕಾಲ ತಾಳಿಯೇ ಬಂದಿರುವಳೆಂದು ತಿಳಿಯತಕ್ಕದ್ದು. ಅಂಥವಳಿಗೆ ಅಲ್ಲಿ ಎಷ್ಟೋ ವೇಳೆ ದೊರೆಯುವ ಉತ್ತರವಾವುದು? “ಇದು ಸಂಸಾರದ ಮಾತು, ಹೊಂದಿಕೊಂಡು ಹೋಗಮ್ಮ” ಎಂಬುದು. ಹೀಗೆನ್ನುವವರಲ್ಲಿ ದುರುದ್ದೇಶವಿಲ್ಲದಿರಬಹುದು, ಮುರಿಯುವ ಮನೆಯನ್ನು ಉಳಿಸಿದೆವೆಂಬ ತೃಪ್ತಿಯೂ ಇರಬಹುದು. ಆದರೆ ಆ ಮಾತಿನಿಂದ ಹೊಡೆದ ಕೈಗೆ ಧೈರ್ಯ ಬರುವುದು. ನೊಂದವಳ ಬಾಯಿ ಮುಚ್ಚುವುದು. ಮರುಸಾರಿ ಅವಳು ಬರುವುದಿಲ್ಲ. ಬಾರದಿದ್ದುದನ್ನೇ ರಾಜಿಯಾಯಿತೆಂದು ಬಗೆಯುವರು.

ಶಾಸನದ ಅಭಿಪ್ರಾಯವಾದರೋ ಬೇರೆ. ಪತಿಯ ಮತ್ತು ಅವನ ಬಂಧುಗಳ ಕ್ರೌರ್ಯವು 1983ರಲ್ಲಿಯೇ ದಂಡಾರ್ಹ ಅಪರಾಧವಾಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85, 86ನೆಯ ಕಲಮುಗಳಲ್ಲಿದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ನೊಂದವಳಿಗೆ ಸಂಸಾರ ಮಾಡಿದ ಮನೆಯಲ್ಲಿಯೇ ವಾಸಿಸುವ ಹಕ್ಕನ್ನಿತ್ತಿದೆ. ರಕ್ಷಣಾಜ್ಞೆಯನ್ನು ಬೇಡುವ ಹಕ್ಕು, ಸಂರಕ್ಷಣಾಧಿಕಾರಿಯ ನೆರವು, ಉಚಿತ ಕಾನೂನು ಸಹಾಯ, ಕ್ರೌರ್ಯದ ಬಗೆಗೆ ಫಿರ್ಯಾದು ಕೊಡುವ ಅಧಿಕಾರ, ಇವನ್ನೆಲ್ಲ ಅವಳಿಗೆ ತಿಳಿಸುವ ಹೊಣೆಯನ್ನು ಅದೇ ಕಾಯಿದೆಯ 5ನೆಯ ಕಲಮು ಪೋಲೀಸ್ ಅಧಿಕಾರಿಯ ಮೇಲೆಯೇ ಹೊರಿಸಿದೆ.

ಸುಳ್ಳು ಫಿರ್ಯಾದಿನ ಭಯವನ್ನು ಕೆಲವರು ಮುಂದಿಡುವರು. ಅವಶ್ಯಕತೆಯನ್ನು ಪರಿಶೀಲಿಸದೆ ಇಂಥ ಪ್ರಕರಣಗಳಲ್ಲಿ ದಸ್ತಗಿರಿ ಮಾಡಕೂಡದೆಂದು ಸುಪ್ರೀಂ ಕೋರ್ಟು 2014ರಲ್ಲಿ ವಿಧಿಸಿತು. ಆದರೆ ಅವಸರದಿಂದ ಬಂಧಿಸಬೇಡವೆಂದುದು ಅವಳ ಮಾತನ್ನು ಕೇಳಬೇಡವೆಂದುದಲ್ಲ. ಕೇಳಿ, ಬರೆದುಕೊಂಡು, ವಿಚಾರಿಸುವುದೇ ಸತ್ಯಾಸತ್ಯಗಳನ್ನು ತಿಳಿಯುವ ಮಾರ್ಗ.

ಠಾಣೆಯವರನ್ನು ಮಾತ್ರ ದೂರಿ ಫಲವೇನು? ಅವರೂ ಇದೇ ಸಮಾಜದಲ್ಲಿ ಬೆಳೆದವರು. ಕಟ್ಟೆಯ ಮೇಲೆ ಕುಳಿತು ಗಂಡಹೆಂಡಿರ ನ್ಯಾಯ ಬಿಡಿಸುವ ಊರ ದೈವದವರೂ ಅದೇ ಮಾತನ್ನಾಡುತ್ತ ಬಂದಿರುವರು. ಇನ್ನು ಮೇಲಾದರೂ ಹಿರಿಯರು “ಹೊಂದಿಕೊಂಡು ಹೋಗು” ಎನ್ನುವ ಮೊದಲು “ಈ ರಾತ್ರಿ ಆ ಮನೆಯಲ್ಲಿ ನಿನಗೆ ಭಯವಿದೆಯೇ, ತಾಯಿ?” ಎಂದು ಕೇಳಲಿ, ಭಯವಿದ್ದರೆ ಅವಳೊಡನೆ ಠಾಣೆಗೆ ನಡೆಯಲಿ. ಒಂಟಿಯಾಗಿ ಬಂದವಳನ್ನು ಹಿಂದಿರುಗಿಸುವುದು ಸುಲಭ. ಊರ ಹಿರಿಯರೊಡನೆ ಬಂದವಳನ್ನು ಹಿಂದಿರುಗಿಸುವುದು ಅಷ್ಟು ಸುಲಭವಲ್ಲ.