ಕಡಲರಸನ ಸೀಮೆ



ನನ್ನ ಹುಟ್ಟೂರು ಗಜೇಂದ್ರಗಡದ ಬಳಿಯ ರಾಜೂರ. ಮರಳುಗಲ್ಲಿನ ಗುಡ್ಡ, ಎರೆಹೊಲ, ಮಳೆ ಬಂದರೆ ಹರಿಯುವ ಹಳ್ಳ, ಇಷ್ಟರಲ್ಲಿ ಬೆಳೆದವನು ಆಳಗಡಲ ಮೀನಿನ ವಿಷಯವಾಗಿ ಮಾತನಾಡಲು ಹೊರಟನೆಂದು ತಾವು ನಗಬಹುದು. ಆದರೂ ಈ ಕಥೆಯನ್ನು ಕಡಲು ಕಾಣದವರೂ ಕೇಳತಕ್ಕದ್ದು.

1938ರ ಡಿಸೆಂಬರ್ 22ರಂದು ದಕ್ಷಿಣ ಆಫ್ರಿಕದ ಈಸ್ಟ್ ಲಂಡನ್ ಬಂದರಿನಲ್ಲಿ, ಅಲ್ಲಿಯ ವಸ್ತುಸಂಗ್ರಹಾಲಯದ ಕುಮಾರಿ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್ ಅವರು ಮೀನುರಾಶಿಯ ನಡುವೆ ಒಂದೂವರೆ ಮೀಟರ್ ಉದ್ದದ ನೀಲವರ್ಣದ ಮೀನೊಂದನ್ನು ಕಂಡರು. ಅದರ ಈಜುರೆಕ್ಕೆಗಳು ಮೊಟಕು ಕೈಕಾಲುಗಳಂತಿದ್ದುವು. ಹೆಸರು ತಿಳಿಯದಿದ್ದರೂ ಆಕೆ ಅದನ್ನು ಬಿಸುಡಲಿಲ್ಲ. ಚಿತ್ರ ಬರೆದು ಪ್ರಾಧ್ಯಾಪಕ ಜೆ. ಎಲ್. ಬಿ. ಸ್ಮಿತ್ ಅವರಿಗೆ ಕಳುಹಿದರು. ಉತ್ತರ ಬರುವುದರೊಳಗೆ ಒಳಗಿನ ಅಂಗಗಳು ಕೆಟ್ಟುಹೋದುವು. ಉಳಿದ ಭಾಗವನ್ನು ನೋಡಿಯೇ ಸ್ಮಿತ್ ಅವರು ಬೆರಗಾದರು. ಕೋಟ್ಯಂತರ ವರ್ಷಗಳ ಹಿಂದೆಯೇ ನಶಿಸಿತೆಂದು ಗ್ರಂಥಗಳು ಸಾರುತ್ತಿದ್ದ ಸೀಲಕ್ಯಾಂತ್ ಕುಲದ ಮೀನು ಅದಾಗಿತ್ತು!

ಎರಡನೆಯದು ದೊರೆತದ್ದು 1952ರಲ್ಲಿ, ಕೊಮೊರೊ ದ್ವೀಪಗಳಲ್ಲಿ. ಅಲ್ಲಿಯ ಬೆಸ್ತರು ಅದನ್ನು ಮೊದಲಿನಿಂದಲೂ ಗೊಂಬೆಸ್ಸಾ ಎಂದು ಕರೆಯುತ್ತಿದ್ದರು. ಅಂದಿನಿಂದ ಪಂಡಿತರು ಹಿಂದೂ ಮಹಾಸಾಗರದ ಪಶ್ಚಿಮ ಭಾಗವೇ ಇದರ ಸೀಮೆಯೆಂದು ನಂಬಿದರು.

1997ರ ಸೆಪ್ಟೆಂಬರ್‌ನಲ್ಲಿ ಸುಮಾರು ಹತ್ತು ಸಾವಿರ ಕಿಲೋಮೀಟರ್ ಆಚೆ, ಇಂಡೊನೇಷ್ಯದ ಮನಾಡೊ ಮಾರುಕಟ್ಟೆಯಲ್ಲಿ, ಮಾರ್ಕ್ ಎರ್ಡ್‌ಮನ್ ದಂಪತಿಗಳು ಗಾಡಿಯ ಮೇಲೆ ಅಂಥದೇ ಮೀನನ್ನು ಕಂಡು ಭಾವಚಿತ್ರ ತೆಗೆದರು; ಮೀನೇನೋ ಮಾರಿಹೋಯಿತು. ಅವರು ಬೆಸ್ತರನ್ನು ವಿಚಾರಿಸುತ್ತ ಹತ್ತು ತಿಂಗಳು ಕಾದರು. 1998ರ ಜುಲೈ 30ರಂದು ಮತ್ತೊಂದು ಬಲೆಗೆ ಬಿದ್ದಿತು. ಅಲ್ಲಿಯ ಬೆಸ್ತರು ಅದನ್ನು ರಾಜಾ ಲಾವುತ್, ಎಂದರೆ ಕಡಲರಸ, ಎನ್ನುತ್ತಾರೆ. ಪರೀಕ್ಷಿಸಿದಾಗ ಅದು ಅದೇ ಕುಲದ ಬೇರೊಂದು ಜಾತಿಯೆಂದು ತಿಳಿದು, 1999ರಲ್ಲಿ ಅದಕ್ಕೆ ಹೊಸ ಶಾಸ್ತ್ರನಾಮವಾಯಿತು. ಭಾವಚಿತ್ರವೊಂದನ್ನೇ ನೆಚ್ಚಿದ್ದರೆ ಈ ಭೇದವು ಗೊತ್ತಾಗುತ್ತಿರಲಿಲ್ಲ.

ನಕ್ಷೆಯ ಮೇಲೆ ನಾವೆಳೆಯುವ ಗೆರೆಯು ನಮ್ಮ ಬಲೆ ಎಲ್ಲಿಯವರೆಗೆ ಹೋಗಿತ್ತೆಂಬುದನ್ನು ಹೇಳುತ್ತದೆ. ಮೀನಿಗೆ ಆ ಗೆರೆಯ ಕಟ್ಟಿಲ್ಲ. ನಮ್ಮ ಕಾರವಾರ, ಮಲ್ಪೆಗಳ ದಕ್ಕೆಯಲ್ಲಿಯೂ ಹೆಸರರಿಯದ ಮೀನು ಬರಬಹುದು. ಅದನ್ನು ಹಿಡಿದವನಿಗೆ ತಾಣವೂ ಆಳವೂ ತಿಳಿದಿರುತ್ತದೆ, ಹಲವು ವೇಳೆ ಹೆಸರೂ ತಿಳಿದಿರುತ್ತದೆ. ಓದಿದವರಾದ ನಾವು ಅವನನ್ನು ಕೇಳಿ ಬರೆದಿಟ್ಟುಕೊಳ್ಳೋಣ. ಮೀನನ್ನು ಮಂಜುಗಡ್ಡೆಯಲ್ಲಿರಿಸಿ ಬಲ್ಲವರಿಗೆ ತೋರಿಸೋಣ. ತಡಮಾಡಿದರೆ ಉಳಿಯುವುದು ಚರ್ಮವೊಂದೇ.