ಎಲುಬಿನ ಡ್ಯಾಮು ತುಂಬುವ ವಯಸ್ಸು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



‘ಬೆಂಗಳೂರಾಗ ಸಾಫ್ಟ್‌ವೇರ್ ಇಂಜಿನಿಯರ್ ಅದೀ, ಕಂಪ್ಯೂಟರ್ ಬಗ್ಗೆ ನಾಕು ಮಾತು ಹೇಳಪಾ’ ಎಂದು ಗುರುಗಳು ಅಪ್ಪಣೆ ಮಾಡಿದ್ದರು. ಕ್ಷಮಿಸಬೇಕು, ನಾನು ಎಲುಬಿನ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಕಾರಣ ನಮ್ಮವ್ವ.

ಎರಡು ವರ್ಷದ ಹಿಂದೆ ಅವ್ವ ಅಂಗಳದಲ್ಲಿ ಕಾಲು ಜಾರಿ ಬಿದ್ದಳು. ಜೋರಾಗಿ ಬಿದ್ದದ್ದೇನಲ್ಲ, ಕೈ ಊರಿದಳು ಅಷ್ಟೆ. ಮುಂಗೈ ಎಲುಬು ಮುರಿದಿತ್ತು. ಡಾಕ್ಟರು ಪರೀಕ್ಷೆ ಮಾಡಿಸಿ, ‘ಎಲುಬು ಟೊಳ್ಳಾಗ್ಯಾವ, ಇದು ಇವತ್ತಿಂದಲ್ಲ’ ಎಂದರು. ದಿನಾ ಹಾಲು ಕುಡಿಯುತ್ತಿದ್ದಿರಾ ಎಂದು ಕೇಳಿದಾಗ ಅವ್ವ ನಕ್ಕುಬಿಟ್ಟಳು. ‘ಹಾಲು ಡೈರಿಗಿ ಹಾಕ್ತಿದ್ದೆವ್ರಿ. ಉಳಿದದ್ದು ಇವ್ನಿಗಿ. ನನಗ ಚಾದಾಗಿಂದs ಸಾಕಾಗ್ತಿತ್ತು.’

ಆ ಹಾಲಿನ ರೊಕ್ಕದಲ್ಲೇ ನನ್ನ ಬಿ.ಇ. ಫೀ ತುಂಬಿದ್ದು. ಡಾಕ್ಟರ ಎದುರು ನನಗೆ ತಲೆ ಎತ್ತಲು ಆಗಲಿಲ್ಲ.

ಅಂದಿನಿಂದ ಇದರ ಬಗ್ಗೆ ಓದತೊಡಗಿದೆ. ನಮಗೆ ತಿಳಿಯುವ ಹಾಗೆ ಹೇಳುವುದಾದರೆ ನಮ್ಮ ಆಲಮಟ್ಟಿಯನ್ನೇ ನೋಡಿ. ಘಟ್ಟದಲ್ಲಿ ಮಳೆಯಾಗಿ ಜುಲೈ–ಆಗಸ್ಟ್‌ನಲ್ಲಿ ಕೃಷ್ಣೆ ತುಂಬಿ ಬಂದಾಗ ಡ್ಯಾಮು 519.60 ಮೀಟರ್ ಮುಟ್ಟಬೇಕು. ಆಗ 123.08 ಟಿಎಂಸಿ ನೀರು. ಬೇಸಿಗೆಗೆ ಅದೇ ಆಸರೆ. ಮಾರ್ಚ್ ತಿಂಗಳಲ್ಲಿ ಎಷ್ಟು ಬೇಡಿಕೊಂಡರೂ ಡ್ಯಾಮು ತುಂಬುವುದಿಲ್ಲ.

ಎಲುಬಿನದೂ ಹೀಗೆಯೇ. ನಮ್ಮ ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಇರುವುದು ಎಲುಬು, ಹಲ್ಲುಗಳಲ್ಲಿ. ಹದಿನೆಂಟು–ಇಪ್ಪತ್ತರ ಹೊತ್ತಿಗೆ ಎಲುಬಿನ ಗಟ್ಟಿತನ ಶೇ. 90ರಷ್ಟು ತುಂಬಿಬಿಟ್ಟಿರುತ್ತದೆ. ಮೂವತ್ತರ ನಂತರ ಇದ್ದದ್ದನ್ನು ಕಾಯ್ದುಕೊಳ್ಳುವುದಷ್ಟೇ. ಹೃದಯ ಬಡಿಯಲು, ಸ್ನಾಯು ಆಡಲು ರಕ್ತಕ್ಕೆ ದಿನವೂ ಕ್ಯಾಲ್ಸಿಯಂ ಬೇಕು. ಊಟದಲ್ಲಿ ಸಿಗದಿದ್ದರೆ ಮೈ ಎಲುಬಿನಿಂದಲೇ ತೆಗೆದುಕೊಳ್ಳುತ್ತದೆ. ಹೆಣ್ಣುಮಕ್ಕಳಿಗೆ ಮುಟ್ಟು ನಿಂತ ಮೇಲಂತೂ ಎಲುಬು ಬೇಗ ಬೇಗ ಸವೆಯುತ್ತದೆ. ಅಂದರೆ ಎಲುಬಿಗೆ ಮಳೆಗಾಲವೆಂದರೆ ಎಂಟು, ಒಂಬತ್ತು, ಹತ್ತನೆಯ ತರಗತಿ. ಇದೇ ಶಾಲೆಯ ವರ್ಷಗಳು.

ಈ ವಯಸ್ಸಿನವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಲೆಕ್ಕ ಹಾಕಿ ನೋಡೋಣ. ನಮ್ಮ ಜೋಳದ ರೊಟ್ಟಿ ಬಲ ಕೊಡುತ್ತದೆ, ಸುಳ್ಳಲ್ಲ. ಆದರೆ 100 ಗ್ರಾಂ ಜೋಳದಲ್ಲಿ ಇರುವುದು 25–30 ಮಿಲಿಗ್ರಾಂ ಮಾತ್ರ. ದಕ್ಷಿಣದವರ ರಾಗಿಯಲ್ಲಿ ಸುಮಾರು 350. ಹಾಗೆಂದು ರೊಟ್ಟಿ ಬಿಡಬೇಕಿಲ್ಲ, ರೊಟ್ಟಿಯ ಜೊತೆ ಏನಿದೆ ಎಂದು ನೋಡಬೇಕು. ಒಂದು ಬಟ್ಟಲು ಮೊಸರು, ಮೆಂತೆ ಪಲ್ಲೆ, ನುಗ್ಗಿ ತಪ್ಪಲ, ಗುರೆಳ್ಳು ಹಿಂಡಿ. ಸಿಪ್ಪೆ ತೆಗೆಯದ ಎಳ್ಳು 10 ಗ್ರಾಂನಲ್ಲೇ ನೂರು ಮಿಲಿಗ್ರಾಂ ದಾಟುತ್ತದೆ. ಸಂಕ್ರಾಂತಿಗೆ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿದ ನಮ್ಮ ಹಿರಿಯರು ದಡ್ಡರಲ್ಲ. ಅದು ವರ್ಷಕ್ಕೊಮ್ಮೆ ಆದರೆ ಸಾಲದು. ಹಾಲು–ಮೊಸರಿನದು ಮೈಗೆ ಚೆನ್ನಾಗಿ ಹತ್ತುತ್ತದೆ, ಪಾಲಕದ್ದು ಹತ್ತುವುದು ಕಡಿಮೆ.

2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯಿತು. ನಮ್ಮ ಕಾಲಕ್ಕೆ ಅದು ಇರಲಿಲ್ಲ. ಶಾಲೆಯಲ್ಲಿ ಕೊಡುವ 150 ಮಿಲಿಲೀಟರ್ ಹಾಲಿನಲ್ಲಿ ಸುಮಾರು 170 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 2024ರಿಂದ ಅದರಲ್ಲಿ ರಾಗಿಯ ಪುಡಿಯೂ ಬೆರೆಯುತ್ತಿದೆ. ವಾಸನೆ ಬರುತ್ತದೆಂದು ಹಾಲನ್ನು ಚೆಲ್ಲುವ ತಮ್ಮಂದಿರೇ, ನೀವು ಚೆಲ್ಲುವುದು ನಿಮ್ಮ ಐವತ್ತನೆಯ ವಯಸ್ಸಿನ ಎಲುಬನ್ನು.

ಇನ್ನು ಬಿಸಿಲು. ಊಟದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ವಿಟಮಿನ್ ಬೇಕು, ಅದನ್ನು ಚರ್ಮ ಬಿಸಿಲಿನಲ್ಲಿ ತಯಾರಿಸುತ್ತದೆ. ವಿಜಯಪುರದ ಬಿಸಿಲಿನಲ್ಲಿ ಬೆಳೆದ ನನಗೇ ಆಫೀಸಿನ ಎಸಿಯಲ್ಲಿ ಕುಳಿತು ಕುಳಿತು ಡಿ ವಿಟಮಿನ್ ಕಡಿಮೆಯಾಗಿ ಔಷಧ ತೆಗೆದುಕೊಳ್ಳಬೇಕಾಯಿತು. ಎಲುಬು ಭಾರ ಬಿದ್ದಷ್ಟೂ ಗಟ್ಟಿಯಾಗುತ್ತದೆ. ಆದ್ದರಿಂದ ಗುರುಗಳಲ್ಲಿ ಬಿನ್ನಹ: ಪರೀಕ್ಷೆ ಬಂತೆಂದು ಆಟದ ಪಿರಿಯಡ್ ಕಸಿಯಬೇಡಿ. ಕಬಡ್ಡಿ, ಖೋ ಖೋ ಹುಡುಗಿಯರಿಗೂ ಇರಲಿ.

ಕೊನೆಯ ಮಾತು. ನನ್ನ ಅಕ್ಕ ಇದೇ ಶಾಲೆಯಲ್ಲಿ ಓದಿದವಳು. ಸಂಜೆ ನನ್ನ ಕೈಗೆ ಹಾಲಿನ ಲೋಟ ಕೊಡುತ್ತಿದ್ದವಳು ಅವಳೇ. ಅವಳಿಗೊಂದು ಲೋಟ ಇತ್ತೇ ಎಂದು ನಾನು ಒಂದು ದಿನವೂ ಕೇಳಲಿಲ್ಲ. ತಾಯಂದಿರೇ, ಇವತ್ತು ಸಂಜೆ ಮಗನಿಗೆ ಕೊಟ್ಟಷ್ಟೇ ಹಾಲನ್ನು ಮಗಳಿಗೂ ಕೊಡಿ. ಡೈರಿಗೆ ಹಾಕುವ ಮುಂಚೆ ನಿಮಗೂ ಒಂದು ಲೋಟ ತೆಗೆದಿಡಿ.

ನಮ್ಮ ಬ್ಯಾಚಿನವರು ಸೇರಿ ಈ ಮಳೆಗಾಲದಲ್ಲಿ ಶಾಲೆಯ ಕಂಪೌಂಡಿನ ಒಳಗೆ ನುಗ್ಗಿ ಗಿಡ ಹಚ್ಚಿಕೊಡುತ್ತೇವೆ. ಅದರ ತಪ್ಪಲು ಬಿಸಿಯೂಟದ ಸಾರಿಗೆ ಬೀಳಲಿ. ನೀರು ಹಾಕುವುದು ಮಾತ್ರ ಒಂಬತ್ತನೆಯ ತರಗತಿಯವರ ಜವಾಬ್ದಾರಿ, ಒಪ್ಪಿಗೆಯೇ?